ಮೂರು ಗಂಟೆ ಆರು ನಿಮಿಷ

ಧನ್ಯಾಳ ಬಳಿ ಆರು ಕೈಗಡಿಯಾರಗಳಿದ್ದವು, ಆರೂ ಬ್ಯಾಟರಿ ಇಲ್ಲದವು. ವಿಜಯವಾಡದ ಪಟಮಟದಲ್ಲಿ, ಎರಡನೇ ಮಹಡಿಯ ಬಾಡಿಗೆ ಮನೆಯ ಬೀರುವಿನಲ್ಲಿ, ಚಾಕೊಲೇಟಿನ ತಗಡಿನ ಡಬ್ಬಿಯೊಳಗೆ ಮಖಮಲ್ಲಿನ ತುಂಡು ಹಾಸಿ ಅವನ್ನು ಸಾಲಾಗಿ ಮಲಗಿಸಿದ್ದಳು. ಬೆಳಿಗ್ಗೆ ಮಗಳು ಅಮೂಲ್ಯಾಳನ್ನು ಶಾಲೆಯ ಆಟೋ ಹತ್ತಿಸಿ ಬಂದವಳೇ ಡಬ್ಬಿ ತೆಗೆದು, ಕೀ ಕೊಡುವವಕ್ಕೆ ಕೀ ಕೊಟ್ಟು, ಒಂದೊಂದನ್ನೂ ಕಿವಿಗೆ ಹಿಡಿದು, ಫೋನಿನ ಗಂಟೆಯ ಜೊತೆ ತಾಳೆ ನೋಡುತ್ತಿದ್ದಳು. ಒಲೆಯ ಮೇಲೆ ಹಾಲು ಉಕ್ಕಿದರೂ ಸರಿಯೇ, ಅದು ಮುಗಿಯಬೇಕು.

ಮೊದಲನೆಯದನ್ನು ಕೊಟ್ಟವಳು ಸೋದರತ್ತೆ ಚೆನ್ನಮ್ಮ. ಬೆಂಗಳೂರಿನ ಜಾಲಹಳ್ಳಿಯ ಗಡಿಯಾರ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕೂದಲೆಳೆಯಂಥ ಸ್ಪ್ರಿಂಗುಗಳನ್ನು ಕೂರಿಸಿದ ಹೆಂಗಸು. ಧನ್ಯಾ ಹತ್ತನೇ ತರಗತಿ ಪಾಸಾದ ದಿನ ತನ್ನ ಕೈಯಲ್ಲಿದ್ದುದನ್ನೇ ಬಿಚ್ಚಿ ಅವಳ ಕೈಗೆ ಕಟ್ಟಿ, "ಇದು ಸುಳ್ಳು ಹೇಳಲ್ಲ ಕಣೆ. ದಿನಾ ಒಂದ್ಸಲ ಮಾತಾಡಿಸ್ತಿರು, ಅಷ್ಟೇ," ಅಂದಿದ್ದಳು.

ಕೊನೆಯದು ನೀಲಿ ಡಯಲಿನ ಸ್ವಿಸ್ ಆಟೋಮ್ಯಾಟಿಕ್. ಗಂಡ ಶ್ರೀಕಂಠನನ್ನು ಬ್ಯಾಂಕಿನವರು ಮೊದಲು ವಿಶಾಖಪಟ್ಟಣಕ್ಕೆ ಹಾಕಿದಾಗ ಧನ್ಯಾಳೂ ಅಲ್ಲೇ ಒಂದು ಔಷಧ ಕಂಪನಿಯಲ್ಲಿ ಕೆಲಸ ಹಿಡಿದಿದ್ದಳು. ಅಮೂಲ್ಯಾಗೆ ಎಂಟು ತಿಂಗಳಾದಾಗ, ಮಗುವನ್ನು ಆಯಾಳ ಕೈಗೆ ಕೊಟ್ಟು ಹೋಗಲು ಜೀವ ಒಪ್ಪದೆ ಕೆಲಸ ಬಿಟ್ಟಳು. ಕೊನೆಯ ಸಂಬಳದಲ್ಲಿ ಈ ವಾಚು ಕೊಂಡಳು. ಕೆಲಸ ಬಿಟ್ಟದ್ದಕ್ಕೂ ಅಳುಕು, ವಾಚು ಕೊಂಡದ್ದಕ್ಕೂ ಅಳುಕು. ಬೀಚ್ ರಸ್ತೆಯಲ್ಲಿ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು, ಕೈ ಮುಂದೆ ಚಾಚಿ, ಡಯಲಿನ ನೀಲಿಯನ್ನು ನೀರಿನ ನೀಲಿಯ ಪಕ್ಕ ಹಿಡಿದು ನೋಡಿದ್ದಳು. "ಸಮುದ್ರಾನೇ ಸ್ವಲ್ಪ ಮಾಸಲು ಬಿಡು," ಎಂದು ಶ್ರೀಕಂಠ ನಕ್ಕಿದ್ದ.

ಆಮೇಲೆ ವಿಜಯವಾಡಕ್ಕೆ ವರ್ಗ. ಮಗಳು ಇಲ್ಲಿ ಶಾಲೆಗೆ ಸೇರಿ, ತೆಲುಗಿನಲ್ಲೇ ಕನಸು ಕಾಣಲು ಶುರುಮಾಡಿದ ಹೊತ್ತಿಗೆ ಅವನಿಗೆ ಮತ್ತೆ ವಿಶಾಖಪಟ್ಟಣ. ಈಗ ಅವನು ಅಲ್ಲಿ ಪೆಂಡುರ್ತಿಯ ಒಂದು ಕೋಣೆಯಲ್ಲಿದ್ದು ಶನಿವಾರ ಸಂಜೆಯ ರೈಲಿಗೆ ಬರುತ್ತಿದ್ದ. ವಾರವಿಡೀ ಧನ್ಯಾ ಒಬ್ಬಳೇ. ಗ್ಯಾಸ್ ಆರಿಸಿದೆನೇ ಎಂದು ಎರಡು ಸಲ, ಬಾಲ್ಕನಿಯ ಚಿಲಕ ಹಾಕಿದೆನೇ ಎಂದು ಮೂರು ಸಲ ಎದ್ದು ನೋಡುವ ಅವಳಿಗೆ, ಎದ್ದು ನೋಡಬೇಕಿಲ್ಲದ ವಸ್ತುಗಳೆಂದರೆ ಆ ಆರು ವಾಚುಗಳು.

ಆಟೋದ ಕಾಮೇಶ್ವರನ ಕೈಯಲ್ಲಿ ವಾಚಿರಲಿಲ್ಲ. ಒಂಬತ್ತು ವರ್ಷದಿಂದ ಶಾಲೆಯ ಮಕ್ಕಳನ್ನು ಕರೆದೊಯ್ಯುತ್ತಿದ್ದವನು. ಗಂಟೆ ಹೊಡೆದ ಕೂಡಲೇ ಏಳು ಮಕ್ಕಳನ್ನೂ ತಲೆ ಮುಟ್ಟಿ ಎಣಿಸಿ ಹತ್ತಿಸಿಕೊಂಡರೆ, ಧನ್ಯಾಳ ಮನೆಯ ತಿರುವಿಗೆ ಸರಿಯಾಗಿ ಮೂರು ಹತ್ತು. ಅಮೂಲ್ಯಾಳೇ ಮೊದಲು ಇಳಿಯುವವಳು. ಉಳಿದ ಆರು ಮಕ್ಕಳ ಮನೆ ಮುಂದಿನ ಬೀದಿಗಳಲ್ಲಿ.

ಫೆಬ್ರವರಿಯ ಕೊನೆಯ ಮಂಗಳವಾರ. ನೀಲಿ ವಾಚನ್ನು ಭಾನುವಾರ ಇಡೀ ಹಗಲು ಕಟ್ಟಿಕೊಂಡು ಸಂಜೆ ಬಿಚ್ಚಿಟ್ಟಿದ್ದಳು. ಮಂಗಳವಾರ ಬೆಳಿಗ್ಗೆ ತೆಗೆದು ನೋಡಿದರೆ ಇನ್ನೂ ನಡೆಯುತ್ತಿದೆ, ಬರೀ ಎರಡು ಸೆಕೆಂಡು ಮುಂದೆ! ಅವಳಿಗೆ ಹೆಮ್ಮೆಯೋ ಹೆಮ್ಮೆ. ಉಕ್ಕಿನ ಪಟ್ಟಿ ಕೀಬೋರ್ಡಿಗೆ ಉಜ್ಜುತ್ತದೆಂದು ಕಟ್ಟಿಕೊಳ್ಳದೆ ಮೇಜಿನ ಮೇಲಿಟ್ಟು, ಹಳೇ ಕಂಪನಿಯವರು ಮನೆಗೇ ಕಳಿಸುವ ಕಡತ ತಿದ್ದಲು ಕೂತಳು. ಊಟವಾದ ಮೇಲೆ ಸೋಫಾದಲ್ಲಿ ಹಾಗೇ ಕಣ್ಣು ಹತ್ತಿತು. ಎದ್ದು ವಾಚು ಕೈಗೆತ್ತಿಕೊಂಡಾಗ ಎರಡು ಮೂವತ್ತೈದು. ಸದ್ಯ! ಕಟ್ಟಿಕೊಂಡಳು, ಟೀ ಕಾಯಿಸಿ ನಿಧಾನವಾಗಿ ಕುಡಿದಳು, ಮೂರು ಐದಕ್ಕೆ ಕೆಳಗಿಳಿದಳು.

ಆಟೋ ಇಲ್ಲ. ತಿರುವಿನಲ್ಲಿ ಇಸ್ತ್ರಿ ಬಂಡಿಯ ಸೂರ್ಯಕಾಂತಮ್ಮನ ಸ್ಟೂಲಿನ ಮೇಲೆ, ಬ್ಯಾಗು ಅಪ್ಪಿಕೊಂಡು ಅಮೂಲ್ಯಾ ಕೂತಿದ್ದಳು. ಕೆನ್ನೆಯ ಮೇಲೆ ಕಣ್ಣೀರು ಒಣಗಿದ ಗೆರೆ.

ಧನ್ಯಾ ಓಡಿಹೋಗಿ ಮಗಳನ್ನು ಅಪ್ಪಿಕೊಂಡಳು. "ಯಾರು ಇಳಿಸಿ ಹೋದದ್ದು? ಯಾವಾಗ?"

"ಅಂಕುಲ್ ವೆಯ್ಟ್ ಚೇಶಾಡಮ್ಮಾ, ಚಾಲಾ ಸೇಪು," ಎಂದಳು ಮಗಳು, ತುಂಬಾ ಹೊತ್ತು ಕಾದ ಎಂದು.

"ಹೌದಮ್ಮಾ, ಹತ್ತು ನಿಮಿಷ ನಿಂತಿದ್ದ," ಸೂರ್ಯಕಾಂತಮ್ಮನೂ ಇಸ್ತ್ರಿಪೆಟ್ಟಿಗೆ ಬದಿಗಿಟ್ಟಳು. "ಆಟೋದಲ್ಲಿ ಉಳಿದ ಮಕ್ಕಳು ಬಿಸಿಲಿಗೆ ಗೋಳಾಡ್ತಿದ್ದವು. ನಿಮಗೆಷ್ಟು ಸಲ ಕೂಗಿದ, ಎರಡನೇ ಮಹಡಿಗೆ ಕೇಳಿಸಲಿಲ್ಲವೇನೋ! ಕೊನೆಗೆ ನನಗೆ ಒಪ್ಪಿಸಿ ಹೋದ."

"ಏನ್ ಕಾದ? ಅವನು ಬರೋದೇ ಮೂರು ಹತ್ತಕ್ಕೆ. ಈಗ ನೋಡಿ ಎಷ್ಟಾಗಿದೆ!" ಧನ್ಯಾ ತನ್ನ ಹರುಕುಮುರುಕು ತೆಲುಗಿನಲ್ಲಿ ಕೂಗುತ್ತ ಮಣಿಕಟ್ಟನ್ನು ಮುದುಕಿಯ ಮುಖಕ್ಕೆ ಹಿಡಿದಳು. ಮೂರು ಗಂಟೆ ಆರು ನಿಮಿಷ. ಬಿಸಿಲಿಗೆ ಡಯಲು ಹೊಳೆಯಿತು. ಸೂರ್ಯಕಾಂತಮ್ಮ ಅಷ್ಟು ದೊಡ್ಡ ವಾಚನ್ನು ನೋಡಿ, "ನನಗೇನು ಗೊತ್ತಮ್ಮಾ ಗಂಟೆ ಗಿಂಟೆ," ಎಂದು ಮತ್ತೆ ಪೆಟ್ಟಿಗೆ ಕೈಗೆತ್ತಿಕೊಂಡಳು.

ಅಲ್ಲೇ ನಿಂತು ಧನ್ಯಾ ಫೋನು ತೆಗೆದು ವಾಚಿನ ಫೋಟೋ ಹೊಡೆದಳು. ಹಿಂದೆ ಮಗಳ ಬ್ಯಾಗೂ ಕಾಣುತ್ತಿತ್ತು. ಆಟೋ ಮಕ್ಕಳ ತಾಯಂದಿರ ವಾಟ್ಸಾಪ್ ಗುಂಪಿಗೆ ಹಾಕಿದಳು: ಈಗ ಮೂರು ಆರು. ಕಾಮೇಶ್ವರ ಆಗಲೇ ಬಂದು, ಐದು ವರ್ಷದ ಮಗುವನ್ನು ರಸ್ತೆಯಲ್ಲಿ ಬಿಟ್ಟು ಹೋಗಿದ್ದಾನೆ.

ನಾಲ್ಕು ಗಂಟೆಯ ಹೊತ್ತಿಗೆ ಗುಂಪು ಕುದಿಯುತ್ತಿತ್ತು. ಮುಂದಿನ ಬೀದಿಯ ಮಾಧವೀಲತಾ ಬರೆದಳು: ನಮ್ಮ ಹುಡುಗ ಇವತ್ತು ಹತ್ತು ನಿಮಿಷ ತಡ! ನಿಮ್ಮಲ್ಲಿ ಬೇಗ ಇಳಿಸಿದ್ದಾನೆ, ನಮ್ಮಲ್ಲಿ ತಡ ಮಾಡಿದ್ದಾನೆ. ನಡುವೆ ಮಕ್ಕಳನ್ನು ಕೂರಿಸಿಕೊಂಡು ಎಲ್ಲಿ ಹೋಗಿದ್ದ? ಇನ್ನೊಬ್ಬಳು, ಕುಡಿಯೋಕೆ ಹೋಗಿರ್ತಾನೆ ಎಂದಳು. ಆರು ಗಂಟೆಗೆ ಮಾಧವೀಲತಾ ಎಲ್ಲರ ಪರವಾಗಿ ಅವನಿಗೆ ಫೋನು ಮಾಡಿ, ನಾಳೆಯಿಂದ ಬರಬೇಡ ಎಂದಿದ್ದೂ ಆಯಿತು. ವ್ಯಾನೊಂದನ್ನು ಗೊತ್ತು ಮಾಡಿಯೂ ಆಯಿತು.

ಸಂಜೆ ಮಗಳಿಗೆ ಮೊಸರನ್ನ ತಿನ್ನಿಸುತ್ತ ಧನ್ಯಾ ಆ ಸಂದೇಶಗಳನ್ನು ಮೇಲಿಂದ ಓದಿಕೊಂಡು ಬಂದಳು. ತಾನು ಹಾಕಿದ ಫೋಟೋ ದೊಡ್ಡದು ಮಾಡಿದಳು. ಮೂರು ಆರು. ಚಿಕ್ಕದು ಮಾಡಿದಳು. ಫೋಟೋದ ಕೆಳಗೆ ಮೂಲೆಯಲ್ಲಿ, ಸಂದೇಶ ಹೋದ ಹೊತ್ತು ಬೂದು ಬಣ್ಣದಲ್ಲಿ ಸಣ್ಣಗೆ ಇತ್ತು: ಮೂರು ಮೂವತ್ತೊಂದು.

ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ವಾಚು ನೋಡಿದಳು, ಫೋನು ನೋಡಿದಳು. ಇಪ್ಪತ್ತೈದು ನಿಮಿಷ ಹಿಂದೆ.

ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆಟೋಮ್ಯಾಟಿಕ್ ವಾಚಿಗೆ ಕೀ ಕೊಡುವುದು ಕೈಯ ಅಲುಗಾಟ. ಒಳಗಿನ ಅರ್ಧಚಂದ್ರದ ತೂಕ ತೂಗಾಡಿದಷ್ಟೂ ಸ್ಪ್ರಿಂಗು ಬಿಗಿಯುತ್ತದೆ. ಬಿಚ್ಚಿಟ್ಟರೆ ಒಂದೂಮುಕ್ಕಾಲು ದಿನ ನಡೆದು ಸದ್ದಿಲ್ಲದೆ ನಿಲ್ಲುತ್ತದೆ. ಎತ್ತಿಕೊಂಡ ಕೂಡಲೇ, ಏನೂ ಆಗಿಲ್ಲವೆಂಬಂತೆ, ನಿಂತಲ್ಲಿಂದಲೇ ಮತ್ತೆ ಹೊರಡುತ್ತದೆ. ಅವಳು ಮಲಗಿದ್ದಾಗ ಅದೂ ಮಲಗಿತ್ತು, ಅವಳು ಎದ್ದಾಗ ಅದೂ ಎದ್ದಿತ್ತು. ಬೆಳಿಗ್ಗೆ ನಾಲ್ಕು ಸಲ ಅಲುಗಿಸಿದ್ದರೆ ಸಾಕಿತ್ತು. ಕಾಮೇಶ್ವರ ಮೂರು ಹತ್ತಕ್ಕೇ ಬಂದಿದ್ದ. ಅವಳಿಗಾಗಿಯೇ ಹತ್ತು ನಿಮಿಷ ಕಾದಿದ್ದ. ಆ ಹತ್ತು ನಿಮಿಷವೇ ಅವನ ಮೇಲೆ ಸಾಕ್ಷಿ ಹೇಳಿತು.

"ಅಮ್ಮಾ, ಪೆಟ್ಟು," ತಿನ್ನಿಸು ಎಂದು ತೆಲುಗಿನಲ್ಲಿ ಹೇಳಿ ಅಮೂಲ್ಯಾ ಬಾಯಿ ತೆರೆದು ಕಾಯುತ್ತಿದ್ದಳು.

ಈಗಲೇ ಬರೆಯಬೇಕು ಅನ್ನಿಸಿತು. ಬರೆದರೆ ಏನಂದುಕೊಳ್ಳುತ್ತಾರೆ? ಮಗು ಬೀದಿಯಲ್ಲಿ ಅಳುತ್ತಿದ್ದಾಗ ಈ ತಾಯಿ ನಿದ್ದೆ ಹೊಡೆದು ಟೀ ಕುಡಿಯುತ್ತಿದ್ದಳು ಅಂತ. ಬೆರಳು ಬೇರೆಯದನ್ನೇ ಒತ್ತಿತು. ಫೋಟೋವನ್ನು ಎಲ್ಲರ ಫೋನಿನಿಂದಲೂ ಅಳಿಸಿಬಿಟ್ಟಳು. ಎರಡು ನಿಮಿಷಕ್ಕೆ ಮಾಧವೀಲತಾಳಿಂದ ಕೈಮುಗಿದ ಚಿತ್ರದೊಂದಿಗೆ ಉತ್ತರ ಬಂತು: ಅಳಿಸಿಬಿಟ್ಟಿರಾ? ಬಡವನ ಮಾನ ಹೋಗದಿರಲಿ ಅಂತಲ್ಲವೇ, ನಿಮ್ಮದು ದೊಡ್ಡ ಮನಸ್ಸು.

ಧನ್ಯಾಗೆ ಆ ಮಾತು ಚೇಳಿನಂತೆ ಕುಟುಕಿತು. ಆದರೂ ಸುಮ್ಮನಿದ್ದಳು. ಮರುದಿನವೂ ಸುಮ್ಮನಿದ್ದಳು.

ಶನಿವಾರ ಶ್ರೀಕಂಠ ಬಂದು ಕಾಲು ತೊಳೆಯುವ ಮೊದಲೇ ಎಲ್ಲವನ್ನೂ ಹೇಳಿಬಿಟ್ಟಳು. ಅವನು ಬ್ಯಾಗು ಕೆಳಗಿಟ್ಟು ಫೋನು ತೆಗೆದ.

"ಅವತ್ತು ಅವನು ನನಗೆ ಎರಡು ಸಲ ಮಾಡಿದ್ದಾನೆ ನೋಡು. ಮೂರು ಹದಿನಾಲ್ಕು, ಮೂರು ಹದಿನೇಳು. ಆಟೋ ಗೊತ್ತು ಮಾಡಿದವನು ನಾನಲ್ವಾ, ಅವನ ಹತ್ರ ನನ್ನ ನಂಬರೇ ಇರೋದು. ಮೀಟಿಂಗಲ್ಲಿದ್ದೆ, ತಗೊಳ್ಳಲಿಲ್ಲ. ಆಮೇಲೆ ಮರೆತೇ ಹೋಯ್ತು."

"ಮತ್ತೆ ಈಗೇನ್ರೀ ಮಾಡೋದು?"

"ಮಾಡೋದೇನು, ಮಗು ಚೆನ್ನಾಗಿದೆಯಲ್ಲ? ಜೂನಲ್ಲಿ ನೀವಿಬ್ರೂ ಪೆಂಡುರ್ತಿಗೆ ಬಂದ್ಬಿಡ್ತೀರ. ಇನ್ನು ಮೂರೇ ತಿಂಗಳು, ಬಾಯಿ ಮುಚ್ಕೊಂಡಿರು. ಈಗ ಹೇಳಿದ್ರೆ ಆ ಮಾಧವೀಲತಾ ನಿನ್ನನ್ನ ಹುರಿದು ಮುಕ್ತಾಳೆ."

ಅವನ ಮಾತಿನಲ್ಲಿ ತಪ್ಪು ಹುಡುಕಲು ಅವಳಿಗೆ ಆಗಲಿಲ್ಲ. ಆದರೆ ಅಮೂಲ್ಯಾ ಅಂದು ಇಡೀ ಸಂಜೆ ಬೊಂಬೆಗಳನ್ನು ಸೋಫಾದ ಮೇಲೆ ಸಾಲಾಗಿ ಕೂರಿಸಿ, ಒಂದೊಂದರ ತಲೆ ಮುಟ್ಟಿ ಎಣಿಸುತ್ತ, "ಕಾಮೇಶ್ ಅಂಕುಲ್ ಎಪ್ಪುಡೊಸ್ತಾಡು?" ಎಂದು ಕೇಳುತ್ತಲೇ ಇದ್ದಳು. ಯಾವಾಗ ಬರುತ್ತಾನೆ?

ಭಾನುವಾರ ಬೆಳಿಗ್ಗೆ ಮಗಳನ್ನು ಗಂಡನ ಬಳಿ ಬಿಟ್ಟು, ಸೂರ್ಯಕಾಂತಮ್ಮನಿಂದ ಗುರುತು ಕೇಳಿಕೊಂಡು, ಧನ್ಯಾ ಆಟೋನಗರ್‌ಗೆ ಹೋದಳು. ಚೀಲದಲ್ಲಿ ಚೆನ್ನಮ್ಮತ್ತೆ ಕೊಟ್ಟ ವಾಚಿತ್ತು. ಆರರಲ್ಲಿ ಎದೆಗೆ ಹತ್ತಿರದ್ದು ಅದೇ. ಅದನ್ನು ಕೊಟ್ಟುಬಿಟ್ಟರೆ ಏನೋ ಸಮವಾದೀತು ಎಂದು ಬಸ್ಸಿನುದ್ದಕ್ಕೂ ಅಂದುಕೊಂಡಿದ್ದಳು.

ಲಾರಿಗಳಿಗೆ ಬಾಡಿ ಕಟ್ಟುವ ಶೆಡ್ಡುಗಳ ನಡುವೆ ತನ್ನ ತಮ್ಮನ ಶೆಡ್ಡಿನಲ್ಲಿ ಕಾಮೇಶ್ವರ ತಗಡು ಉಜ್ಜುತ್ತಿದ್ದ. ಪಕ್ಕದಲ್ಲೇ ಅವನ ಆಟೋ. ಮಕ್ಕಳು ಬ್ಯಾಗು ನೇತುಹಾಕುತ್ತಿದ್ದ ಏಳು ಕೊಕ್ಕೆಗಳಲ್ಲಿ ಈಗ ಗ್ರೀಸು ಮೆತ್ತಿದ ಬಟ್ಟೆಗಳು ನೇತಾಡುತ್ತಿದ್ದವು. ಸೀಟಿನ ತುಂಬ ಹಳೇ ಸೈಲೆನ್ಸರ್‌ಗಳು.

"ಅಮ್ಮಾ, ನೀವಾ? ಪಾಪ ಚೆನ್ನಾಗಿದೆಯಾ?" ಎಂದ ಅವನು, ಗಾಬರಿಯಿಂದ ಎದ್ದು. ಮಗುವನ್ನು ಅವನು ಪಾಪ ಎಂದೇ ಕರೆಯುವುದು.

ಧನ್ಯಾ ನಿಂತೇ ಹೇಳಿದಳು. ವಾಚು ನಿಂತದ್ದು, ತಾನು ಮಲಗಿದ್ದು, ಫೋಟೋ, ಬೂದು ಬಣ್ಣದ ಅಂಕಿ, ಅಳಿಸಿದ್ದು, ಎಲ್ಲವನ್ನೂ. ತೆಲುಗು ತಡವರಿಸಿದಲ್ಲಿ ಕನ್ನಡದಲ್ಲೇ ಹೇಳಿದಳು.

ಅವನು ಬೈಯಲಿಲ್ಲ. "ಹಾಗಾದ್ರೆ ನಾನು ಸರಿಯಾದ ಹೊತ್ತಿಗೇ ಬಂದಿದ್ನಾ ಅಮ್ಮಾ?" ಎಂದು ಕೇಳಿದ.

"ಬಂದಿದ್ದೆ."

"ಐದು ದಿನದಿಂದ ಲೆಕ್ಕ ಹಾಕ್ತಿದೀನಿ. ಶಾಲೆ ಗಂಟೆ ಹೊಡೀತು, ಹೊರಟೆ, ನಿಮ್ಮ ತಿರುವಿಗೆ ಬಂದೆ. ಅಷ್ಟು ಹೊತ್ತು ಎಲ್ಲಿ ಕಳೆದುಹೋಯ್ತು? ನನಗೇ ತಲೆ ಕೆಟ್ಟಿದೆಯೇನೋ ಅಂದ್ಕೊಂಡೆ. ನಿಮ್ಮ ವಾಚು ಅಷ್ಟು ದೊಡ್ಡದು, ಅದು ತಪ್ಪು ಹೇಳುತ್ತಾ?" ಅವನು ಕೈಯಲ್ಲಿದ್ದ ಉಜ್ಜುಕಾಗದವನ್ನು ಮಡಿಸಿದ, ಬಿಚ್ಚಿದ. "ನನ್ನ ಹೆಂಡತಿಯೂ ಕೇಳಿದಳಮ್ಮಾ. ಮಕ್ಕಳನ್ನು ಕೂರಿಸ್ಕೊಂಡು ಎಲ್ಲಿ ಹೋಗಿದ್ದೆ, ನಿಜ ಹೇಳು ಅಂತ. ಹದಿನಾರು ವರ್ಷದ ಸಂಸಾರ."

ಧನ್ಯಾ ಚೀಲದಿಂದ ವಾಚು ತೆಗೆದು ಚಾಚಿದಳು. "ಇದು ನಮ್ಮತ್ತೆದು. ನೀನು ಇಟ್ಕೋ."

ಅವನು ಅಂಗಿಗೆ ಕೈ ಒರೆಸಿಕೊಂಡು ಅದನ್ನು ತೆಗೆದುಕೊಂಡ. ಪಕ್ಕದ ಗುಂಡಿಯನ್ನು ಎರಡು ಬೆರಳಲ್ಲಿ ಹದವಾಗಿ ತಿರುಗಿಸಿದ, ಸ್ಪ್ರಿಂಗು ಬಿಗಿದಲ್ಲಿ ನಿಲ್ಲಿಸಿದ, ಕಿವಿಗೆ ಹಿಡಿದ. ಮುಖದಲ್ಲಿ ಒಂದು ಗಳಿಗೆ ಏನೋ ಹಗುರಾಯಿತು. ಆಮೇಲೆ ವಾಪಸು ಕೊಟ್ಟ.

"ಒಳ್ಳೇ ಮಾಲು. ವದ್ದಮ್ಮಾ, ಬೇಡ. ನನ್ನ ಕಷ್ಟ ವಾಚಿಲ್ಲ ಅಂತಲ್ಲವಲ್ಲ."

ಅವಳು ವಾಚನ್ನು ಚೀಲಕ್ಕೆ ಹಾಕಿಕೊಂಡಳು.

"ಇಲ್ಲಿ ಬಂದು ಹೇಳಿದ್ರಿ, ಸಂತೋಷ," ಎಂದ ಅವನು, ನೆಲ ನೋಡುತ್ತ. "ಆದ್ರೆ ಇಲ್ಲಿ ಕೇಳೋರು ಯಾರಿದಾರೆ? ತಗಡು. ಫೋಟೋ ಎಲ್ಲಿ ಹಾಕಿದ್ರೋ ಅಲ್ಲೇ ಹೇಳಿ."

ಧನ್ಯಾ ಶೆಡ್ಡಿನ ಹೊರಗೆ, ಹಳೇ ಟೈರುಗಳ ಪಕ್ಕ ನಿಂತು ಬರೆದಳು. ನಿದ್ದೆಯನ್ನೂ ಬರೆದಳು, ಟೀಯನ್ನೂ ಬರೆದಳು. ದೊಡ್ಡ ಮನಸ್ಸಿನಿಂದ ಅಳಿಸಿದ್ದಲ್ಲ, ಹೆದರಿ ಅಳಿಸಿದ್ದು ಎಂದೂ ಬರೆದಳು. ಅವನು ಕಾದ ಹತ್ತು ನಿಮಿಷ ತನಗಾಗಿ ಎಂದು ಬರೆದು, ಅಳಿಸಲಾದ ಫೋಟೋವನ್ನೇ ಮತ್ತೆ ಹಾಕಿ ಕಳಿಸಿದಳು. ಎಲ್ಲರೂ ಓದಿದರೆಂದು ತೋರಿಸುವ ನೀಲಿ ಟಿಕ್‌ಗಳು ಮೂಡಿದವು. ಬಸ್ಸು ಪಟಮಟ ಮುಟ್ಟುವ ಹೊತ್ತಿಗೆ ಮಾಧವೀಲತಾ ಬರೆದಳು: ಐದು ದಿನ ಇದನ್ನ ಹೊಟ್ಟೇಲಿಟ್ಕೊಂಡು ಅದು ಹೇಗೆ ಊಟ ಮಾಡಿದ್ರಿ? ಧನ್ಯಾ ಅದನ್ನು ಮೂರು ಸಲ ಓದಿದಳು. ಆ ಮಾತಿನಲ್ಲಿ ಅಳಿಸಬೇಕಾದ್ದು ಏನೂ ಇರಲಿಲ್ಲ.

ಏಳು ಮಕ್ಕಳಲ್ಲಿ ಅಮೂಲ್ಯಾಳೂ ಸೇರಿ ಮೂವರು ಕಾಮೇಶ್ವರನ ಆಟೋಗೆ ಮರಳಿದರು. ಉಳಿದವರ ತಾಯಂದಿರು ವ್ಯಾನಿಗೆ ತಿಂಗಳ ದುಡ್ಡು ಕಟ್ಟಿಯಾಗಿತ್ತು, ಅಥವಾ ಹಾಗೆಂದರು. ಮಧ್ಯಾಹ್ನಗಳಲ್ಲಿ ಅವನು ಇನ್ನೂ ಶೆಡ್ಡಿಗೆ ಹೋಗಬೇಕಾಗುತ್ತಿತ್ತು.

ಗುರುವಾರ ಎರಡೂಮುಕ್ಕಾಲಿಗೇ ಧನ್ಯಾ ತಿರುವಿನಲ್ಲಿ ನಿಂತಿದ್ದಳು, ಬಿಸಿಲಿನಲ್ಲಿ. ಎಡ ಮಣಿಕಟ್ಟಿನಲ್ಲಿ ಪಟ್ಟಿಯ ಬಿಳಿ ಗುರುತು ಮಾತ್ರ.

"ಏಮ್ಮಾ, ಇವತ್ತೂ ಕೈ ಖಾಲಿ?" ಸೂರ್ಯಕಾಂತಮ್ಮ ಕೆಂಡ ಕೆದಕುತ್ತ ಕೆಣಕಿದಳು. "ಗಂಟೆ ಯಾರನ್ನ ಕೇಳ್ತೀರ ಈಗ?"

"ನಿಮ್ಮನ್ನೇ."

"ನನ್ನ ಕೇಳಿದ್ರೆ ಇನ್ನೂ ತುಂಬಾ ಹೊತ್ತಿದೆ," ಎಂದು ಮುದುಕಿ ಸ್ಟೂಲು ಮುಂದೆ ತಳ್ಳಿದಳು.

ಮಗಳು ಬ್ಯಾಗು ಅಪ್ಪಿಕೊಂಡು ಕೂತಿದ್ದ ಸ್ಟೂಲು. ಧನ್ಯಾಗೆ ಅದರ ಮೇಲೆ ಕೂರಲು ಆಗಲಿಲ್ಲ. ನಿಂತೇ ಕಾದಳು. ಆಟೋ ಬಂದಾಗ, ಅಮೂಲ್ಯಾಳನ್ನು ಇಳಿಸುವ ಮೊದಲು, ಕಾಮೇಶ್ವರ ಎಂದಿನಂತೆ ಮಕ್ಕಳ ತಲೆ ಮುಟ್ಟಿ ಎಣಿಸಿದ. ಮೂರಕ್ಕೇ ಮುಗಿಯಿತು. ಅವನ ಕೈ ಅಭ್ಯಾಸಬಲದಿಂದ ನಾಲ್ಕನೆಯ ತಲೆಗಾಗಿ ಖಾಲಿ ಸೀಟಿನ ಮೇಲೆ ಒಂದು ಕ್ಷಣ ಚಾಚಿ, ಹಿಂದೆ ಬಂತು.