ಮುಂದಿನ ಗಾಲಿಗೆ ಕಟ್ಟಿದ ದೃಷ್ಟಿದಾರ

ಕಕ್ಕೇರಾ ರಸ್ತೆಯಲ್ಲಿ ನಮ್ಮ ಪಿಕಪ್‌ನ ಮುಂದಿನ ಎಡಗಾಲಿ ಬ್ರೇಕ್ ಹಿಡಿದು ಮತ್ತೆ ನಿಂತೇಬಿಟ್ಟಿತು. ಗಾಡಿ ಕಾಲುವೆಯತ್ತ ಎಳೆಯಿತು; ಹತ್ತಿ ಬಿಡಿಸಲು ಹೊರಟು ಹಿಂದೆ ಕುಳಿತಿದ್ದ ಹೆಣ್ಣುಮಕ್ಕಳು ಚೀರಿದರು. ಬ್ರೇಕ್ ಪ್ಯಾಡ್ ಬದಲಿಸಿಯೂ ಇದೇ ಗತಿ.

ಈ ಸಲ ಮಿಸ್ತ್ರಿಯಿಂದ ಗಾಲಿ ಬಿಚ್ಚಿಸಿ ನಾನೇ ಬಗ್ಗಿ ನೋಡಿದೆ. ಬ್ರೇಕ್ ಆಯಿಲ್ ಹೋಗುವ ರಬ್ಬರ್ ಪೈಪಿಗೆ ಯಾರೋ ದೃಷ್ಟಿಯ ಕರಿದಾರ ಬಿಗಿದಿದ್ದರು. ಬ್ರೇಕ್ ಒತ್ತಿದಾಗ ಹೋದ ಆಯಿಲ್ ವಾಪಸ್ ಬರುತ್ತಿರಲಿಲ್ಲ, ಹಿಡಿದ ಬ್ರೇಕ್ ಬಿಡುತ್ತಿರಲಿಲ್ಲ. ದಾರ ಕತ್ತರಿಸಿದೆವು, ಗಾಲಿ ತಿರುಗಿತು.

ಗಾಡಿ ಓಡಿಸುವ ಕಾಕಾನಿಗೆ ಕೇಳಿದರೆ, “ಬಂಪರಿಗೆ ಕಟ್ಟಿದ್ರ ಹರಕೊಂಡು ಬೀಳಾಕತ್ತಿತ್ತಪಾ, ಅದಕ್ಕ ಒಳಗ ಬಿಗದೀನಿ. ಈಗ ನೋಡು, ದಾರದ ಕೂಡ ದೃಷ್ಟಿನೂ ಹೋತಿಲ್ಲೋ?” ಎಂದ.

ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮುಗಿಸಿದವನು ನಾನು. ಪ್ರತಿ ಅಮಾವಾಸ್ಯೆಗೆ ಕಾಕಾನ ಗಾಡಿಪೂಜೆ ಮುಗಿದ ಮೇಲೆ ಗಾಡಿಯ ಕೆಳಗೆ ತೂರಿ ದಾರ ಹುಡುಕುವ ಕೆಲಸವೂ ಈಗ ನನ್ನದೇ.