ರೋಮಿನ ಚರ್ಚಿನ ಬಾಗಿಲಲ್ಲಿ ಚಪ್ಪಲಿ

ಆದೋನಿಯಲ್ಲಿ ನಮ್ಮ ಎದುರುಮನೆಯಲ್ಲಿದ್ದ ಅಕ್ಕ ನಮ್ಮೊಡನೆ ರೋಮ್ ಪ್ರವಾಸಕ್ಕೆ ಬಂದಾಗ, ಅವರನ್ನು ಕಾಯುವ ಜವಾಬ್ದಾರಿಯನ್ನು ಯಾರೂ ಕೊಡದಿದ್ದರೂ ನಾನೇ ಹೊತ್ತುಕೊಂಡೆ. ಅವರು ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಕಲ್ಲುಹಾಸಿನ ಗಲ್ಲಿಗಳಲ್ಲಿ ಬಿರಬಿರನೆ ನಡೆಯುತ್ತ, ಪ್ರತಿ ತಿರುವಿನಲ್ಲೂ ಕೈಬೀಸಿ ಕರೆಯುತ್ತಿದ್ದರು: "ಬಾ ತಮ್ಮಾ, ಇನ್ನೊಂದು ಓಣಿ ನೋಡೋಣು!"

ಒಂದು ಹಳೆಯ ಚರ್ಚಿನ ಬಾಗಿಲಲ್ಲಿ ಅವರು ಚಪ್ಪಲಿ ಬಿಟ್ಟರು.

"ಅಕ್ಕಾ, ಇಲ್ಲಿ ಹಾಕ್ಕೊಂಡೇ ಹೋಗ್ತಾರ. ಯಾರರೆ ಒಯ್ದ್ರ?"

"ದೇವರ ಮನಿಗೆ ಚಪ್ಪಲಿ ಹಾಕ್ಕೊಂಡು ಹೋಗೋದಾ? ಏಂ ಕಾದು ತಮ್ಮಾ, ಏನೂ ಆಗಂಗಿಲ್ಲ. ಕಾವಲಿಗೆ ನಿನ್ನ ಹೆದರಿಕಿ ಒಂದ ಸಾಕು!"

ಒಳಗೆ ಅವರು ಕತ್ತೆತ್ತಿ ಚಾವಣಿಯ ಚಿತ್ರಗಳನ್ನು ನೋಡಿ ಹಿಗ್ಗಿದರು. ನಾನು ಬಾಗಿಲನ್ನೇ ನೋಡಿದೆ. ಅವರಿಗಿದ್ದದ್ದು ಅದೊಂದೇ ಜೋಡಿ, ಸಂಜೆಯವರೆಗೂ ನಡೆಯುವುದಿತ್ತು.

ಹೊರಗೆ ಬಂದರೆ, ಚಪ್ಪಲಿ ಬಿಟ್ಟಲ್ಲೇ ಇತ್ತು. ಅದರ ಪಕ್ಕದಲ್ಲಿ ಯಾರ್ಯಾರದೋ ಬೂಟುಗಳು ಸಾಲಾಗಿ ಕೂತಿದ್ದವು. ಬಿಳಿಕೂದಲಿನ ವಿದೇಶಿ ದಂಪತಿ ಮೆಟ್ಟಿಲ ಮೇಲೆ ಕುಳಿತು, ಇಲ್ಲಿನ ಪದ್ಧತಿಯೇ ಹೀಗೆಂಬಂತೆ, ಲೇಸು ಬಿಚ್ಚುತ್ತಿದ್ದರು.

"ಇಲ್ಲಿ ಇಡ್ರಿ, ಜಾಗ ಐತಿ," ಎಂದು ಅಕ್ಕ ಅವರಿಗೆ ಕನ್ನಡದಲ್ಲೇ ತೋರಿಸಿದರು. ಆಮೇಲೆ ನನ್ನ ಕಾಲು ನೋಡಿ ಕಿಲಕಿಲ ನಕ್ಕರು.

"ನೋಡು ತಮ್ಮಾ, ಬೂಟು ಹಾಕ್ಕೊಂಡು ಒಳಗ ಹೋದಾವ ನೀನೊಬ್ಬನ!"