ನೂರು ಗಜದೊಳಗಿನ ಭಾವ

ವೆಂಡೆಲ್ ಹಾಸ್ಕಿನ್ ವಿಚ್ಛೇದನಕ್ಕೆ ಯಾಕೆ ಸಹಿ ಹಾಕುತ್ತಿಲ್ಲ ಎಂಬುದು ಬರ್ಚ್ ಲ್ಯಾಂಡಿಂಗ್ ಎಂಬ ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಅಂದರೆ, ಎಲ್ಲರೂ ತಪ್ಪು ತಿಳಿದಿದ್ದರು. ಹೆಂಡತಿ ಜೊಯಾನ್ ಅವನನ್ನು ಬಿಟ್ಟು ಆಂಕರೇಜ್ ಪಟ್ಟಣ ಸೇರಿ ಎಂಟು ವರ್ಷವಾಗಿತ್ತು. ಇನ್ನೂ ಅವಳ ಮೇಲೇ ಪ್ರಾಣ, ಪಾಪ, ಎಂದು ಅಂಗಡಿಯ ನಡೀನ್ ಬಂದವರಿಗೆಲ್ಲ ಹೇಳುತ್ತಿದ್ದಳು. ವೆಂಡೆಲ್ ಕಾಫಿಪುಡಿಗೋ ಬ್ಯಾಟರಿಗೋ ಹೋದರೆ ಚಿಲ್ಲರೆ ಕೊಡುವಾಗ ಅವನ ಕೈಯನ್ನು ಮೆಲ್ಲಗೆ ಒತ್ತುತ್ತಿದ್ದಳು. ಅದು ಯಾತಕ್ಕೆಂದು ಅವನಿಗೆ ತಿಳಿಯುತ್ತಿರಲಿಲ್ಲ. ಆದರೆ ಬೇಡವೆನ್ನಿಸುತ್ತಲೂ ಇರಲಿಲ್ಲ.

ನಿಜ ಸಂಗತಿ ಬೇರೆಯೇ. ವೆಂಡೆಲ್‌ಗೆ ಹೆಂಡತಿ ಹೋದದ್ದರ ದುಃಖ ಎರಡನೇ ಚಳಿಗಾಲಕ್ಕೇ ಸವೆದುಹೋಗಿತ್ತು. ಅವನು ಸಹಿ ಹಾಕದೆ ಹಿಡಿದಿಟ್ಟುಕೊಂಡಿದ್ದದ್ದು ಹೆಂಡತಿಯನ್ನಲ್ಲ, ಅವಳ ಅಣ್ಣ ಆರ್ಲನ್‌ನನ್ನು.

ಇದಕ್ಕೆ ಕಾರಣ ಅಲಾಸ್ಕಾದ ಬೇಟೆಯ ಕಾನೂನು. ಹೊರರಾಜ್ಯದವನು ಇಲ್ಲಿನ ಬೆಟ್ಟದಲ್ಲಿ ಬಿಳಿ ಕಾಡುಟಗರಿಗೆ ಗುರಿಯಿಡಬೇಕಾದರೆ, ಅದು ಸರ್ಕಾರದ ಬೆಟ್ಟ, ಎಲ್ಲರ ಬೆಟ್ಟವೇ ಆಗಿದ್ದರೂ, ಲೈಸೆನ್ಸ್ ಇರುವ ಗೈಡನ್ನು ದುಡ್ಡು ಕೊಟ್ಟು ಕಟ್ಟಿಕೊಳ್ಳಬೇಕು. ಆ ದುಡ್ಡಿಗೆ ಒಂದು ಒಳ್ಳೆಯ ಪಿಕಪ್ ಗಾಡಿ ಬರುತ್ತದೆ. ಇಲ್ಲವಾದರೆ ಇಲ್ಲೇ ನೆಲೆಸಿದ ಹತ್ತಿರದ ನೆಂಟನೊಬ್ಬ ಜೊತೆಗಿರಬೇಕು. ಹತ್ತಿರದ ನೆಂಟ ಯಾರೆಂದು ಗೊಂದಲ ಬೇಡವೆಂದು ಅದನ್ನೂ ಕಾನೂನೇ ಹೇಳಿದೆ. ಅಪ್ಪ ಮಗ ಆಗಬಹುದು, ಅಜ್ಜ ಮೊಮ್ಮಗ ಆಗಬಹುದು, ಅಣ್ಣತಮ್ಮಂದಿರು, ಮಾವ, ಅಳಿಯ ಆಗಬಹುದು. ಚಿಕ್ಕಪ್ಪ ಆಗುವುದಿಲ್ಲ. ಸೋದರಮಾವನನ್ನೂ ಬಿಟ್ಟಿದ್ದಾರೆ, ನಮ್ಮ ಕಡೆ ಇಂಥ ಕಾನೂನು ತಂದಿದ್ದರೆ ಜಗಳವೇ ಆಗುತ್ತಿತ್ತು. ಆದರೆ ಭಾವ ಆಗಬಹುದು. ವೆಂಡೆಲ್‌ನ ಬದುಕು ಆ ಒಂದು ಪದದ ಮೇಲೆ ನಿಂತಿತ್ತು.

ಅವನು ರಸ್ತೆ ಇಲಾಖೆಯ ಗ್ರೇಡರ್ ಓಡಿಸುತ್ತಿದ್ದ. ಬೇಸಿಗೆಯಲ್ಲಿ ಜಲ್ಲಿ ಮಟ್ಟಮಾಡುವುದು, ಚಳಿಗಾಲದಲ್ಲಿ ಹಿಮ ತಳ್ಳುವುದು. ಆ ಯಂತ್ರದಲ್ಲಿ ಒಬ್ಬನಿಗೆ ಮಾತ್ರ ಸೀಟು. ಜನವರಿಯಲ್ಲಿ ಕೆಲವು ದಿನ ಸಂಜೆ ರೇಡಿಯೊದಲ್ಲಿ ವರದಿ ಕೊಡಲೆಂದು ಬಾಯಿ ತೆರೆದರೆ ಧ್ವನಿಯೇ ಹೊರಡುತ್ತಿರಲಿಲ್ಲ. ಬೆಳಗಿನಿಂದ ಮಾತಾಡಿರದ ಗಂಟಲನ್ನು ಕೆಮ್ಮಿ ಸರಿಮಾಡಿಕೊಳ್ಳಬೇಕಾಗುತ್ತಿತ್ತು. ಹುಟ್ಟಿನಿಂದಲೂ ಅವನು ಮಾತಿನಲ್ಲಿ ಜಿಪುಣ. ಜೊಯಾನ್ ಹೊರಟ ದಿನ ಬಾಗಿಲಲ್ಲಿ ನಿಂತು ಹೇಳಿದ್ದಳು: "ನಿನ್ನ ಜೊತೆ ಇರೋದೂ ಒಂದೇ, ಫ್ರಿಜ್ ಜೊತೆ ಇರೋದೂ ಒಂದೇ ಕಣೋ. ಫ್ರಿಜ್ ಆದ್ರೂ ಆಗಾಗ ಗುಂಯ್ ಅನ್ನುತ್ತೆ."

ಅವನು ಅವಳ ಪೆಟ್ಟಿಗೆಯನ್ನು ಕಾರಿನವರೆಗೆ ಹೊತ್ತುಕೊಟ್ಟ.

ಆರ್ಲನ್ ಅವನಿಗೆ ತದ್ವಿರುದ್ಧ. ದೂರದ ಮಿನ್ನೆಸೋಟ ರಾಜ್ಯದಲ್ಲಿ ಟರ್ಕಿ ಕೋಳಿ ಸಾಕುವವನು. ಸಾವಿರಾರು ಕೋಳಿಗಳ ಗದ್ದಲದ ಮೇಲೆ ಮಾತಾಡಿ ಅಭ್ಯಾಸವಾಗಿ, ಪಕ್ಕದಲ್ಲಿ ಕೂತವನಿಗೂ ಆಚೆ ಗುಡ್ಡಕ್ಕೆ ಕೇಳುವಂತೆ ಹೇಳುತ್ತಿದ್ದ. ಪ್ರತಿ ಆಗಸ್ಟಿನಲ್ಲಿ ಬೇಟೆಯ ಕಾಲ ಶುರುವಾಗುವ ಮುಂಚಿನ ದಿನ ಬಂದಿಳಿಯುತ್ತಿದ್ದ. ಬಂದವನೇ ಅಂಗಳದಿಂದಲೇ "ಏನ್ ಭಾವ, ಇನ್ನೂ ಜೀವಂತ ಇದ್ದೀಯಾ!" ಎನ್ನುತ್ತಿದ್ದ. ಆಮೇಲೆ ಬೆಟ್ಟ ಹತ್ತುವಾಗ, ಡೇರೆ ಹಾಕುವಾಗ, ಒಣ ಅನ್ನದ ಪೊಟ್ಟಣಕ್ಕೆ ಬಿಸಿನೀರು ಸುರಿಯುವಾಗ, ಬಾಯಿ ನಿಂತದ್ದೇ ಇಲ್ಲ. ಕೋಳಿಯ ಮೇವಿನ ಬೆಲೆ, ಚರ್ಚಿನ ಊಟದಲ್ಲಿ ಹೆಂಡತಿಯ ಆಲೂಗಡ್ಡೆ ಸಾಲಡ್ ತಿಂದು ಪಾದ್ರಿಗೆ ಹೊಟ್ಟೆ ಕೆಟ್ಟದ್ದು, ಮಂಡಿನೋವಿಗೆ ಹಚ್ಚುವ ಎಣ್ಣೆ. ವೆಂಡೆಲ್ "ಹೂಂ" ಎನ್ನುತ್ತಿದ್ದ. ವರ್ಷಕ್ಕೆ ಹತ್ತು ದಿನ ಅವನ ಕಿವಿಗೆ ಹಬ್ಬ.

ಇನ್ನೊಂದು ನಿಯಮವೂ ಇತ್ತು. ಬೇಟೆಗಾರ ಗುರಿಯಿಡುವಾಗ ಜೊತೆಯ ನೆಂಟ ನೂರು ಗಜದ ಒಳಗೇ ಇರಬೇಕು. ವೆಂಡೆಲ್‌ಗೆ ಇಡೀ ಸರ್ಕಾರದ ಮೇಲೆ ಪ್ರೀತಿ ಹುಟ್ಟಿದ್ದು ಇದೊಂದು ಮಾತಿನಿಂದ. ಅವನು ಹತ್ತು ಗಜವನ್ನೂ ದಾಟುತ್ತಿರಲಿಲ್ಲ. ಇನ್ನೊಬ್ಬ ಮನುಷ್ಯನ ಹತ್ತಿರ ಕೂತಿರುವುದಕ್ಕೆ ಕಾರಣ ಹೇಳಬೇಕಿಲ್ಲ, ಬಾ ಎಂದು ಕರೆಯಬೇಕಿಲ್ಲ, ಇರು ಎಂದು ಕೇಳಬೇಕಿಲ್ಲ. ಎಲ್ಲವನ್ನೂ ಕಾನೂನೇ ನೋಡಿಕೊಳ್ಳುತ್ತಿತ್ತು. ಟಗರು ಮಾತ್ರ ಒಂದೂ ಸಿಕ್ಕಿರಲಿಲ್ಲ. ಕೊಂಬು ಪೂರ್ತಿ ಒಂದು ಸುತ್ತು ಬಂದ ಟಗರನ್ನಷ್ಟೇ ಹೊಡೆಯಬಹುದು. ಇವರ ಕಣ್ಣಿಗೆ ಬೀಳುತ್ತಿದ್ದವೆಲ್ಲ ಮುಕ್ಕಾಲು ಸುತ್ತಿನವು.

ನದಿಯ ಮಂಜುಗಡ್ಡೆ ಒಡೆಯುವ ಕಾಲದಲ್ಲಿ, ಒಂದು ಮೇ ತಿಂಗಳು, ಜೊಯಾನ್ ತಾನೇ ಕಾರು ಓಡಿಸಿಕೊಂಡು ಬಂದಳು. ಅವಳಿಗೆ ಮರುಮದುವೆ ಆಗಬೇಕಿತ್ತು. ಕೋರ್ಟಿಗೆ ಎಳೆದಿದ್ದರೆ ಎಂದೋ ಬಿಡುಗಡೆ ಸಿಗುತ್ತಿತ್ತು. ಅವನನ್ನು ಕಟಕಟೆಯಲ್ಲಿ ನಿಲ್ಲಿಸಲು ಮನಸ್ಸು ಬಂದಿರಲಿಲ್ಲ. ಅಡುಗೆಮನೆಯ ಮೇಜಿನ ಆಚೆ ಕೂತು ನೇರವಾಗಿ ಕೇಳಿದಳು.

"ನಿಜ ಹೇಳು ವೆಂಡೆಲ್. ಇನ್ನೂ ನನ್ನ ಮೇಲೆ ಆಸೆ ಇದೆಯಾ?"

"ಇಲ್ಲ."

"ಅಷ್ಟು ಬೇಗ ಹೇಳ್ಬೇಕಾಗಿರ್ಲಿಲ್ಲ ಬಿಡು," ಎಂದಳು ಜೊಯಾನ್, ಮುಖ ಸಣ್ಣದು ಮಾಡಿ. "ಮತ್ಯಾಕೆ ಸತಾಯಿಸ್ತಿದ್ದೀಯಾ? ಹಟಾನಾ?"

ವೆಂಡೆಲ್ ಕಿಟಕಿಯ ಕಡೆ ನೋಡಿದ. ಬಟ್ಟಲು ತಿರುಗಿಸಿದ. ಆಮೇಲೆ ಅಂದ: "ಆರ್ಲನ್."

"ಆರ್ಲನ್ ಏನು?"

"ನೀನು ಹೋದ್ರೆ ಅವ್ನು ಭಾವ ಆಗಲ್ಲ. ಭಾವ ಆಗ್ದಿದ್ರೆ ಬೇಟೆಗೆ ಬರೋ ಹಾಗಿಲ್ಲ."

ಜೊಯಾನ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ನಗು ಬಂತು, ತಡೆಯಲಾಗದ ನಗು. "ಅಯ್ಯೋ ದೇವ್ರೇ! ನನ್ನ ಗಂಡ ನಮ್ಮಣ್ಣನಿಗೋಸ್ಕರ ನನ್ನ ಬಿಡ್ತಿಲ್ವಲ್ಲಪ್ಪಾ!" ಎಂದು ಮೇಜು ತಟ್ಟಿ ನಕ್ಕಳು. ನಗುತ್ತ ನಗುತ್ತ ಅವಳ ಕಣ್ಣಲ್ಲಿ ನೀರು ಬಂತು. ಅದು ಪೂರ್ತಿ ನಗುವಿನದಲ್ಲ. ಈ ಮನೆಯ ಮೌನ ಎಷ್ಟು ಭಾರವೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಬೇಟೆ ಇಲ್ದಿದ್ರೂ ಬಾ ಅಂತ ಕರಿ. ಬರ್ತಾನೆ," ಎಂದಳು. "ಯಾವತ್ತಾದ್ರೂ ಕರ್ದಿದ್ದೀಯಾ?"

ವೆಂಡೆಲ್ ತಲೆಯಾಡಿಸಿದ. ಇಲ್ಲ.

"ಸರಿ, ಈ ಆಗಸ್ಟ್ ಕಳೀಲಿ. ಸೆಪ್ಟೆಂಬರಿಗೆ ಸಹಿ ಹಾಕು. ಅಷ್ಟ್ರೊಳಗೆ ಬಾಯಿ ಬಿಡು ಮಾರಾಯ. ಒಂದು ಮಾತು. ಜೀವ ಹೋಗಲ್ಲ."

ಸಂಗತಿಯನ್ನು ಅಣ್ಣನಿಗೆ ಅವಳು ತಿಳಿಸಿದಳು, ಆದರೆ ಅರ್ಧ: ಸೆಪ್ಟೆಂಬರಿನಲ್ಲಿ ವೆಂಡೆಲ್ ಸಹಿ ಹಾಕುತ್ತಾನೆ ಎಂಬಷ್ಟೇ. ಗಂಡ ತನ್ನನ್ನು ಎಂಟು ವರ್ಷ ಹಿಡಿದಿಟ್ಟದ್ದು ತನಗಾಗಿ ಅಲ್ಲ ಎಂದು ಯಾವ ಹೆಂಗಸು ತಾನೇ ಬಾಯಿಬಿಟ್ಟು ಹೇಳುತ್ತಾಳೆ?

ಆ ವರ್ಷ ಬೆಟ್ಟದಲ್ಲಿ ಆರ್ಲನ್ ಎಂದಿಗಿಂತ ಕಡಿಮೆ ಮಾತಾಡಿದ. ವೆಂಡೆಲ್ ಗ್ರೇಡರಿನಲ್ಲಿ ಕೂತು ಜೂನ್ ಜುಲೈ ಎರಡೂ ತಿಂಗಳು ತನ್ನ ಮಾತನ್ನು ಅಭ್ಯಾಸ ಮಾಡಿಕೊಂಡಿದ್ದ. 'ಬೇಟೆ ಇರಲಿ ಬಿಡಲಿ, ನೀನು ಬಾ.' ಅಷ್ಟೇ. ಕೊನೆಯ ದಿನ, ಬಂಡೆಯ ಮರೆಯಲ್ಲಿ ಇಬ್ಬರೂ ಮೊಣಕೈಗೆ ಮೊಣಕೈ ತಾಗಿಸಿ ದುರ್ಬೀನು ಹಿಡಿದು ಮಲಗಿದ್ದಾಗ, ಅವನು ಗಂಟಲು ಸರಿಮಾಡಿಕೊಂಡ.

"ಶ್!" ಎಂದ ಆರ್ಲನ್. ಕೆಳಗಿನ ಹುಲ್ಲಿನಲ್ಲಿ ಟಗರೊಂದು ತಲೆ ಎತ್ತಿತ್ತು.

ಜೀವಮಾನದಲ್ಲಿ ಒಂದು ಸಲ ಮಾತಾಡಹೊರಟವನಿಗೆ ಟಗರು ಅಡ್ಡ ಬಂತು. ಅದು ಮೇಯಿತು, ಮಲಗಿತು, ಮತ್ತೆ ಎದ್ದಿತು. ಕೊಂಬು ತೋರಿಸುವುದಕ್ಕೆ ಮಾತ್ರ ಮನಸ್ಸು ಮಾಡಲಿಲ್ಲ. ಕೊನೆಗೆ ಕತ್ತು ತಿರುಗಿಸಿದಾಗ ನೋಡಿದರೆ ಅದೇ ಮುಕ್ಕಾಲು ಸುತ್ತು. ಆರ್ಲನ್ ಬಂದೂಕು ಕೆಳಗಿಟ್ಟು ಅಂಗಾತ ಮಲಗಿ ಆಕಾಶ ನೋಡುತ್ತ ಅಂದ: "ಜೊಯಾನ್ ಹೇಳಿದ್ಲು. ನೀನು ಏನೂ ಹೇಳ್ಬೇಡ, ನಂಗೆ ಅರ್ಥ ಆಗುತ್ತೆ. ಅವಳ ಮುಖ ನೋಡ್ಕೊಂಡು ಇಷ್ಟು ವರ್ಷ ನನ್ನ ಕೊರೆತ ಸಹಿಸ್ಕೊಂಡೆ. ಮಿನ್ನೆಸೋಟದಲ್ಲಿ ಯಾವ ನನ್ಮಗನೂ ಇಷ್ಟು ಸಹಿಸಲ್ಲ. ಇನ್ಮೇಲೆ ನಿಂಗೆ ಬಿಡುಗಡೆ ಕಣೋ ಭಾವ. ಮಂಡಿ ಪೂರ್ತಿ ಹೋಗೋಕೆ ಮುಂಚೆ ಒಂದ್ಸಲ ಗೈಡ್ ಇಟ್ಕೊಂಡು ಬಂದು ಟಗರು ಹೊಡ್ಕೊಂಡು ಹೋಗ್ತೀನಿ."

ವೆಂಡೆಲ್ ಅಭ್ಯಾಸ ಮಾಡಿಕೊಂಡಿದ್ದ ಮಾತಿಗೆ ಈ ಮಾತು ಎಲ್ಲಿಯೂ ಹೊಂದಲಿಲ್ಲ. ಬಿಡುಗಡೆಯೇ? ಯಾರಿಗೆ? ಬಾಯಿ ತೆರೆದ. ಹೊರಟದ್ದು "ಹೂಂ" ಒಂದೇ.

ಅದನ್ನು ನೆನೆದು ಆ ಚಳಿಗಾಲವಿಡೀ ಅವನು ಗ್ರೇಡರಿನೊಳಗೆ ತನ್ನನ್ನೇ ಬೈದುಕೊಂಡ. ಫೋನಿನ ಮುಂದೆ ಕೂತು ಎದ್ದ. ಸೆಪ್ಟೆಂಬರಿನಲ್ಲಿ ಸಹಿ ಹಾಕಿದ್ದ. ಜೊಯಾನ್‌ಗೆ ಕ್ರಿಸ್‌ಮಸ್ ಹೊತ್ತಿಗೆ ಮದುವೆಯೂ ಆಯಿತು. ನಡೀನ್ ಈಗ ಅವನ ಕೈಯನ್ನು ಇನ್ನೂ ಗಟ್ಟಿಯಾಗಿ ಒತ್ತುತ್ತಿದ್ದಳು.

ಮುಂದಿನ ಆಗಸ್ಟಿನಲ್ಲಿ ಅಂಗಳಕ್ಕೆ ದೊಡ್ಡ ಗಾಡಿಯೊಂದು ಬಂದು ನಿಂತಿತು. ಇಂಜಿನ್ ಆರಿಸಲಿಲ್ಲ. ಆರ್ಲನ್ ಇಳಿದ, ಹಿಂದೆಯೇ ಟ್ರೆಂಟ್ ಎಂಬ ಗೈಡ್ ಇಳಿದ; ಗಟ್ಟಿಮುಟ್ಟಾದ, ಗಡಿಯಾರ ನೋಡುತ್ತಲೇ ಇರುವ ಮನುಷ್ಯ. ವೆಂಡೆಲ್ ಇಬ್ಬರಿಗೂ ಕಾಫಿ ತಂದುಕೊಟ್ಟ. ನಿಂತುಕೊಂಡೇ ಕುಡಿದರು.

"ಇವ್ರು ನಮ್ಮ ಭಾವ," ಎಂದ ಆರ್ಲನ್, ರೂಢಿಯಲ್ಲಿ.

ಟ್ರೆಂಟ್ ಜೋರಾಗಿ ನಕ್ಕ. "ಇದೊಳ್ಳೆ ಕತೆ ಆಯ್ತಲ್ಲ ಸ್ವಾಮಿ! ಭಾವ ಇಲ್ಲೇ ಇರ್ಬೇಕಾದ್ರೆ ನನ್ನನ್ಯಾಕೆ ದುಡ್ಡು ಕೊಟ್ಟು ಕಟ್ಕೊಂಡ್ರಿ?"

ಆರ್ಲನ್ ಬಟ್ಟಲಿನೊಳಗೆ ನೋಡಿದ. "ಆಗಿದ್ರು," ಎಂದ. "ಈಗಲ್ಲ."

ಆ ಎರಡು ಮಾತು ವೆಂಡೆಲ್‌ನ ಎದೆಗೇ ನಾಟಿದವು. ಸಹಿ ಹಾಕಿದ ದಿನ ಏನೂ ಅನ್ನಿಸಿರಲಿಲ್ಲ, ಈಗ ಅನ್ನಿಸಿತು. ಟ್ರೆಂಟ್ ಹೊತ್ತಾಯಿತೆಂದು ಹೋಗಿ ಗಾಡಿ ಹತ್ತಿದ. ಆರ್ಲನ್ ಬಟ್ಟಲು ವಾಪಸು ಕೊಟ್ಟು ಎರಡು ಹೆಜ್ಜೆ ಹಾಕಿದ್ದ.

"ಬೇಡವಾಗಿತ್ತು," ಎಂದ ವೆಂಡೆಲ್.

"ಏನು? ಕಾಫಿನಾ?"

"ಬಿಡುಗಡೆ. ಹೋದ್ವರ್ಷ ಕೊಟ್ಯಲ್ಲ. ನಂಗೆ ಬೇಡವಾಗಿತ್ತು."

ಆರ್ಲನ್ ನಿಂತ. ವೆಂಡೆಲ್ ಮಾತು ನಿಲ್ಲಿಸಲಿಲ್ಲ. "ಸಹಿಸ್ಕೊಂಡಿದ್ದಲ್ಲ. ಆ ಹತ್ತು ದಿನ ಬರ್ಲಿ ಅಂತ ಮಿಕ್ಕಿದ ವರ್ಷ ಕಳೀತಿದ್ದೆ. ಕುರಿ ಗಿರಿ ಏನೂ ಬೇಡ. ಸುಮ್ನೆ ಬಾ. ಬಂದು ಆ ಪಾದ್ರಿ ಹೊಟ್ಟೆ ಕೆಟ್ಟಿದ್ದನ್ನೇ ಇನ್ನೊಂದ್ಸಲ ಹೇಳು."

ಎಂದೂ ಮಾತಿಗೆ ತಡಕಾಡದ ಆರ್ಲನ್‌ಗೆ ಮಾತು ಸಿಗಲಿಲ್ಲ. ಟ್ರೆಂಟ್ ಹಾರನ್ ಹೊಡೆದ. ದುಡ್ಡು ಕೊಟ್ಟಾಗಿತ್ತು, ಬೇಟೆಯ ಜಾಗಕ್ಕೆ ಒಯ್ಯಲು ಬೆಟ್ಟದ ಬುಡದಲ್ಲಿ ಗೈಡಿನ ಪುಟ್ಟ ವಿಮಾನ ಕಾಯುತ್ತಿತ್ತು. ಆರ್ಲನ್ ಗಾಡಿಯ ಬಾಗಿಲಿಗೆ ಕೈಯಿಟ್ಟು, ತಿರುಗಿ, "ಬರ್ತೀನಿ," ಎಂದ.

ಹೋಗುವವರೆಲ್ಲ ಹೇಳುವ ಬರ್ತೀನಿಯೇ ಅದು, ಬರುವವನ ಬರ್ತೀನಿಯೇ? ಗಾಡಿ ತಿರುವು ದಾಟುವವರೆಗೂ ವೆಂಡೆಲ್ ಅದನ್ನು ಮನಸ್ಸಿನಲ್ಲಿ ಅತ್ತಿತ್ತ ತಿರುವಿ ನೋಡಿದ, ತೀರ್ಮಾನವಾಗಲಿಲ್ಲ. ಆಮೇಲೆ ಒಳಗೆ ಹೋದ. ಒಳಕೋಣೆಯಲ್ಲಿ ಆರ್ಲನ್ ಬಂದಾಗ ಮಲಗುತ್ತಿದ್ದ ಎರಡನೇ ಮಂಚದ ಮೇಲೆ ಹೋದ ವರ್ಷದಿಂದ ಗ್ರೇಡರಿನ ಹಳೆಯ ಫಿಲ್ಟರು, ಬೆಲ್ಟು, ಎಣ್ಣೆಯ ಡಬ್ಬ ಗುಡ್ಡೆ ಬಿದ್ದಿದ್ದವು. ಒಂದೊಂದನ್ನೇ ಎತ್ತಿ ಕೊಟ್ಟಿಗೆಗೆ ಸಾಗಿಸತೊಡಗಿದ.